ಗಾಜಿನ ಆಚೆ ನಿಂತವನು

ಗಾಜಿನ ಹಿಂದೆ ಹೋದ ಕೂಡಲೇ ಗಾನವಿಯ ಕೈ ಕ್ಯಾಮೆರಾದ ಪರದೆಯ ಮೇಲಿಂದ ಮಾಯವಾಯಿತು.

"ಇನ್ನೊಂದ್ಸಲ ತೋರಿಸಮ್ಮ," ಅಂದರು ಇಂದಿರಮ್ಮ.

ಗಾನವಿ ಬಾಲ್ಕನಿಯಲ್ಲಿ ನಿಂತು ಬಾಗಿಲು ತೆರೆದು ಕೈ ಎತ್ತಿದಳು. ಪರದೆಯ ಮೇಲೆ ಐದು ಬೆರಳೂ ಬೆಳ್ಳಗೆ ಹೊಳೆದವು. ಬಾಗಿಲು ಮುಚ್ಚಿ ಗಾಜಿನ ಹಿಂದೆ ಅದೇ ಕೈ ಹಿಡಿದಳು. ಕಣ್ಣಿಗೆ ಕೈ ಸ್ಪಷ್ಟವಾಗಿ ಕಾಣುತ್ತಿತ್ತು, ಉಗುರಿನ ಮೇಲೆ ಅರ್ಧ ಅಳಿಸಿಹೋದ ಬಣ್ಣವೂ ಕಾಣುತ್ತಿತ್ತು. ಪರದೆಯ ಮೇಲೆ ಮಾತ್ರ ಬರೀ ಬೂದಿ ಬಣ್ಣದ ಮಸುಕು.

"ಇದು ಬೆಳಕನ್ನ ನೋಡಲ್ಲ ಮೇಡಂ, ಮೈಯ ಶಾಖ ನೋಡತ್ತೆ," ಅಂದ ಏಕನಾಥ. ಪ್ರಯೋಗಾಲಯದಲ್ಲಿ ಗಾನವಿಯ ತೀರಿಕೊಂಡ ಅಪ್ಪ ಗೋಪಿನಾಥನ ಕೈಕೆಳಗಿದ್ದ ಕಿರಿಯ ವಿಜ್ಞಾನಿ. ಹಸುಗೂಸನ್ನು ಎತ್ತಿಕೊಂಡ ಹಾಗೆ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಶಾಖಕ್ಕೆ ಗಾಜು ಅಂದ್ರೆ ಗೋಡೆ ಇದ್ದ ಹಾಗೆ."

"ಮಂಜಿನಲ್ಲಿ ಕಾಣತ್ತೆ, ಗಾಜಿನಲ್ಲಿ ಕಾಣಲ್ಲ?"

"ಕಾಣಲ್ಲ. ಲ್ಯಾಬ್‌ಗೆ ಸೇರಿದ ಮೊದಲ ವಾರವೇ ನಮಗೆಲ್ಲ ಗೊತ್ತಾಗೋ ವಿಷಯ ಇದು."

"ರೈಲ್ವೆಯವರಿಗೆ?"

ಏಕನಾಥ ತಲೆ ಕೆರೆದುಕೊಂಡ. "ಅವರಿಗೆ ಯಾರು ಹೇಳಿರ್ತಾರೆ ಮೇಡಂ? ಇಂಜಿನ್ನಿನ ಹೊರಗಡೆ ನಾವೇ ಕೂರಿಸಿ ಕೊಡ್ತೀವಿ, ಮುಟ್ಟಬೇಡಿ ಅಂತೀವಿ. ಮುಟ್ಟಬೇಡಿ ಅಂದ ಮೇಲೆ ಯಾಕೆ ಅಂತ ಹೇಳೋದು ಮರೆತುಹೋಗತ್ತೆ."

ರೈಲ್ವೆಯ ವಿಜಿಲೆನ್ಸ್ ವಿಭಾಗದಲ್ಲಿ ತಲೆ ನೆರೆಸಿಕೊಂಡು ನಿವೃತ್ತರಾದವರು ಇಂದಿರಮ್ಮ. ಈಗ ದೆಹಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ತುಳಸಿ ಗಿಡ, ಮೊಣಕಾಲು ನೋವು, ಆಗಾಗ ಇಂಥ ತಲೆನೋವು. ಗೋಪಿನಾಥನ ಹೆಂಡತಿ ಸುಮಿತ್ರಾ ಬಂದು ಕಾಲು ಹಿಡಿಯದಿದ್ದರೆ ಇವತ್ತು ಅವಳ ಮನೆಗೂ ಬರುತ್ತಿರಲಿಲ್ಲ.

ಸೈನ್ಯದ ಟ್ಯಾಂಕುಗಳಿಗೆ ಕತ್ತಲಲ್ಲಿ ಕಣ್ಣಾಗಲೆಂದು ಮಾಡಿದ ಕ್ಯಾಮೆರಾ ಅದು. ಅದನ್ನು ರೈಲು ಇಂಜಿನ್ನಿಗೆ ಹೊಂದಿಸಿದವನು ಗೋಪಿನಾಥ. ಮಂಜಿನಲ್ಲಿ ಚಾಲಕನಿಗೆ ಹಳಿ ಕಾಣಬೇಕು, ಹಳಿಯ ಮೇಲಿನ ಮನುಷ್ಯ ಕಾಣಬೇಕು ಅಂತ. ಗುಡಗಾಂವ್ ಆಚೆ ನಡೆದ ಪರೀಕ್ಷೆಯಲ್ಲಿ ಅದೇ ಇಂಜಿನ್ನಿನ ಕೆಳಗೆ ಅವನೇ ಸತ್ತ. ಅವನು ತಾನಾಗಿ ಹಳಿಗೆ ನಡೆದು ಬಂದದ್ದನ್ನು ಪರದೆಯಲ್ಲಿ ಕಂಡೆ ಅಂತ ಅವನ ಗೆಳೆಯ, ಇಂಜಿನ್ನಿನಲ್ಲಿದ್ದ ರೈಲ್ವೆ ಅಧಿಕಾರಿ ಕೇಶವಮೂರ್ತಿ ಹೇಳಿಕೆ ಕೊಟ್ಟಿದ್ದ. ನಾಳೆ ವಿಚಾರಣಾ ಸಮಿತಿ ಕೊನೆಯ ಸಲ ಕೂರುತ್ತದೆ. ಆತ್ಮಹತ್ಯೆ ಅಂತ ಬರೆದು ಎದ್ದು ಹೋಗುತ್ತದೆ.

ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಸುಮಿತ್ರಾ ಹಸಿ ಬಟಾಣಿ ಬಿಡಿಸುತ್ತಿದ್ದಳು. ಬುಟ್ಟಿ ಯಾವಾಗಲೋ ತುಂಬಿತ್ತು. ಉಣ್ಣುವವರು ಯಾರೂ ಇರಲಿಲ್ಲ. ಕೈಗೆ ಕೆಲಸ ಬೇಕಿತ್ತು, ಅಷ್ಟೇ.

"ಸುಮಿತ್ರಾ, ನಿನ್ನೆ ಹೇಳಿದ್ಯಲ್ಲ, ಕೇಶವಮೂರ್ತಿ ಸಮಾಧಾನ ಹೇಳೋಕೆ ಬಂದಾಗ ಏನಂದ್ರು ಅಂತ. ಇನ್ನೊಂದ್ಸಲ ಹೇಳು."

"'ಗೋಪಿ ಕೊನೇ ಘಳಿಗೆಯಲ್ಲೂ ನನ್ನ ಬಗ್ಗೆನೇ ಯೋಚಿಸ್ದ' ಅಂದ್ರು ಅಣ್ಣ. ಹೊರಗೆ ಇಬ್ಬನಿ ಸುರೀತಿತ್ತಂತೆ. 'ಕೇಶವ, ಕ್ಯಾಮೆರಾ ಒಳಗೆ ತಗೊಂಡು ಬೆಚ್ಚಗೆ ಗಾಜಿನ ಹಿಂದೆ ಕೂತು ನೋಡು' ಅಂತ ಹೇಳಿ ಇಳಿದ್ರಂತೆ ಇವ್ರು." ಅವಳ ಹೆಬ್ಬೆರಳು ಒಂದು ಕಾಯಿಯ ಬೆನ್ನು ಸೀಳಿತು. "ಅವತ್ತು ಬೆಳಿಗ್ಗೆ ನಾನು ಇವ್ರಿಗೆ ಅಂದಿದ್ದೆ ಅಕ್ಕಾ. ನಿಮಗೆ ಮಂಜಿನೊಳಗೆ ಕಾಣೋದು ಮನೇಲಿ ಕಾಣಲ್ಲ ಅಂತ. ತಿಂಡಿ ಬಿಟ್ಟು ಎದ್ದುಹೋದ್ರು."

"ಗಂಡ ಹೆಂಡತಿ ಮಾತು ಅದು. ಅದಕ್ಕೆಲ್ಲ ಯಾರೂ ರೈಲಿಗೆ ಬೀಳಲ್ಲ."

"ಬಿದ್ರಲ್ಲ."

ಇಂದಿರಮ್ಮನಿಗೆ ಒಂದು ಅನುಮಾನ ಇತ್ತು. ಸಮಾಧಾನ ಹೇಳಲು ಬಂದವರು ಸುಳ್ಳಿಗೆ ಒಂದಿಷ್ಟು ಪ್ರೀತಿ ಬೆರೆಸುತ್ತಾರೆ. ಸಿಕ್ಕಿಬೀಳುವುದು ಆ ಪ್ರೀತಿಯ ಜಾಗದಲ್ಲೇ. ಸಮಿತಿಯ ಮುಂದೆ ಕೇಶವಮೂರ್ತಿ ಕ್ಯಾಮೆರಾ ಹೊರಗೇ ಇತ್ತು ಅಂದಿದ್ದ. ಈ ಕೋಣೆಯಲ್ಲಿ, ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ, ಅವನ ಮಾತಿನಲ್ಲಿ ಅದು ಒಳಗೆ ಬಂದಿತ್ತು.

ಅದನ್ನು ಕಟ್ಟಿದ ಗೋಪಿನಾಥ ಅದನ್ನು ಗಾಜಿನ ಹಿಂದೆ ಇಡಲು ಹೇಳುವುದು ಸಾಧ್ಯವೇ ಇರಲಿಲ್ಲ.

"ಸಂಜೆಯೊಳಗೆ ಇದು ವಾಪಸ್ ಹೋಗ್ಬೇಕು ಮೇಡಂ," ಅಂದ ಏಕನಾಥ. "ಇಲ್ಲಾಂದ್ರೆ ನನ್ನ ಕೆಲಸ ಹೋಗತ್ತೆ."

"ಹೋದ್ರೆ ನಮ್ಮನೆ ಕೆಳಗೆ ಇಡ್ಲಿ ಗಾಡಿ ಹಾಕೋವಂತೆ. ದ್ವಾರಕಾದಲ್ಲಿ ಒಳ್ಳೆ ಇಡ್ಲಿ ಸಿಗಲ್ಲ. ಈಗ ಅದನ್ನ ಆ ಬಾಗಿಲ ಕಡೆ ತಿರುಗಿಸಿ ಮೇಜಿನ ಮೇಲೆ ಇಟ್ಟು, ಕೆಳಗೆ ಹೋಗಿ ಚಾ ಕುಡ್ಕೊಂಡು ಬಾ."

ಏಕನಾಥ ಹೋದ. ಗಾನವಿ ತನ್ನ ದುಪಟ್ಟಾ ತೆಗೆದು ಕ್ಯಾಮೆರಾದ ಮೇಲೆ ಹೊದಿಸಿದಳು.

"ಆಂಟಿ, ಸಚ್ ಬತಾಯಿಯೇ, ನಿಜ ಹೇಳಿ. ಕೇಶವ ಮಾಮನೇ ಏನಾದ್ರೂ ಮಾಡಿದ್ರಾ?"

"ಗೊತ್ತಿಲ್ಲ. ಅವರು ಬರ್ಲಿ. ನಾನು ಬಾಲ್ಕನಿಗೆ ಹೋಗು ಅಂದ್ರೆ ಹೋಗು. ಬಾಗಿಲು ಹಾಕ್ಕೋ. ಆಮೇಲೆ ಅಡಿಗೆಮನೆ ಕಡೆಯ ಬಾಗಿಲಿಂದ ಸದ್ದಿಲ್ಲದೆ ಒಳಗೆ ಬಂದ್ಬಿಡು."

*

ಕೇಶವಮೂರ್ತಿ ಒಂದು ಚೀಲ ಕಿತ್ತಳೆ ತಂದಿದ್ದ. ಐವತ್ತು ದಾಟಿದ ಭಾರಿ ಆಳು. ಇಂಜಿನ್ ಚಾಲಕರ ಮೇಲ್ವಿಚಾರಕನಾಗಿ ಮೇಲೆ ಬಂದು ಅಧಿಕಾರಿಯಾದವನು. ಗೋಪಿನಾಥನೂ ಅವನೂ ಮೈಸೂರಿನ ಒಂದೇ ಹಾಸ್ಟೆಲಿನಲ್ಲಿ ಓದಿದವರು. ದೆಹಲಿಗೆ ಬಂದ ಮೇಲೆ ಇಲ್ಲಿನವರನ್ನು ನೋಡಿ ಸುಮಿತ್ರಾ ಪ್ರತಿ ವರ್ಷ ಅವನಿಗೆ ರಾಖಿ ಕಟ್ಟುತ್ತಿದ್ದಳು.

"ಊಟ ಮಾಡಿದ್ಯಾ ಸುಮಿತ್ರಾ?"

"ಆಯ್ತು ಅಣ್ಣ."

"ಸುಳ್ಳು," ಅಂದಳು ಗಾನವಿ. "ಎರಡು ಬಿಸ್ಕತ್ತು. ಬಸ್, ಅಷ್ಟೇ."

ಅವನು ಕುರ್ಚಿಯ ತುದಿಯಲ್ಲಿ ಕೂತ. ಗಡ್ಡ ಬೆಳೆದಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಎರಡೂ ಮಂಡಿ ಹಿಡಿದುಕೊಂಡಿದ್ದ.

"ನಾಳೆ ಸಮಿತಿ ಇದೆ," ಅಂದರು ಇಂದಿರಮ್ಮ. "ನೀವು ಕಂಡದ್ದನ್ನ ಇವರಿಬ್ಬರ ಮುಂದೆ ಒಂದ್ಸಲ ಹೇಳಿ."

"ಎಷ್ಟು ಸಲ ಮೇಡಂ? ಹೇಳಿ ಹೇಳಿ ನನಗೂ..."

"ಇನ್ನು ಕೇಳಲ್ಲ."

ಅವನು ನೆಲ ನೋಡುತ್ತ ಹೇಳಿದ. ಪರೀಕ್ಷೆಯ ಕ್ರಮ ಸುಲಭದ್ದು. ಒಬ್ಬ ಮುಂದೆ ನಡೆದುಹೋಗಿ ಹಳಿಯ ಪಕ್ಕದಲ್ಲಿ ನಿಲ್ಲಬೇಕು. ಇಂಜಿನ್ ನಿಧಾನಕ್ಕೆ ಬರುತ್ತದೆ. ಪರದೆಯ ಮೇಲೆ ಅವನು ಎಷ್ಟು ದೂರದಿಂದ ಕಾಣುತ್ತಾನೆ ಅಂತ ನೋಡುವುದು. ಅವತ್ತು ನಿಲ್ಲಲು ಹೋದವನು ಗೋಪಿನಾಥ, ಪರದೆ ನೋಡಿದವನು ಕೇಶವಮೂರ್ತಿ.

"ಮಸುಕಾಗಿ ಕಾಣ್ತಿದ್ದ. ಒಂದು ಪಕ್ಕದಲ್ಲೇ ಇದ್ದ. ದೂರ ಇದಾನೆ ಅಂದ್ಕೊಂಡು, ಇಂಜಿನ್ ಓಡಿಸ್ತಿದ್ದ ಬಲಬೀರ್‌ಗೆ ಚಲೋ, ಚಲೋ, ಮುಂದೆ ನಡಿ ಅಂತಿದ್ದೆ. ಇದ್ದಕ್ಕಿದ್ದಂತೆ ನಡುವಿಗೆ ಬಂದ. ನಾನು ಕೂಗ್ದೆ. ಅಷ್ಟರಲ್ಲಿ..." ಅವನು ಸುಮಿತ್ರಾಳ ಕಡೆ ತಿರುಗಿದ. "ಸುಮಿತ್ರಾ, ನಿನ್ನ ಮೇಲೆ ಆಣೆ. ನನ್ನ ಕಣ್ಣಾರೆ ಕಂಡೆ. ನಾನು ಸುಳ್ಳು ಹೇಳಿಲ್ಲ."

"ಚಾಲಕ ಬಲಬೀರ್ ಬೇರೆ ಹೇಳ್ತಾನೆ," ಅಂದರು ಇಂದಿರಮ್ಮ. "ಮೊದಲು ಶಬ್ದ ಆಯ್ತಂತೆ. ಅವನು ಬ್ರೇಕ್ ಒತ್ತಿದ. ನಿಮ್ಮ ಕೂಗು ಅದಾದ ಮೇಲೆ."

"ಅವನಿಗೆ ಗಾಬರಿಯಲ್ಲಿ ಹಿಂದು ಮುಂದು ಆಗಿದೆ."

"ಇರಬಹುದು. ಗಾನವಿ, ಬಾಲ್ಕನಿಗೆ ಹೋಗು."

ಗಾನವಿ ಹೋಗಿ ಹೊರಗೆ ನಿಂತಳು. ಇಂದಿರಮ್ಮ ದುಪಟ್ಟಾ ಎಳೆದರು. ಕ್ಯಾಮೆರಾ ಕಂಡು ಕೇಶವಮೂರ್ತಿ ಹಾವು ಕಂಡವನಂತೆ ಹಿಂದೆ ಸರಿದ.

"ಇದು ಇಲ್ಲಿ..."

"ಅವತ್ತಿನದ್ದಲ್ಲ, ಅಂಥದ್ದೇ ಇನ್ನೊಂದು. ಬಂದು ಇದರ ಹಿಂದೆ ನಿಲ್ಲಿ. ಏನು ಕಾಣತ್ತೆ?"

ಅವನು ಮನಸ್ಸಿಲ್ಲದೆ ಎದ್ದು ಬಂದ. "ಗಾನವಿ. ಬೆಳ್ಳಗೆ, ಚೆನ್ನಾಗಿ ಕಾಣ್ತಿದಾಳೆ."

"ಕಣ್ಣು ಪರದೆ ಬಿಟ್ಟು ಕದಲಬಾರದು. ಗಾನವಿ, ಬಾಗಿಲು ಹಾಕ್ಕೋಮ್ಮ."

ಗಾಜಿನ ಬಾಗಿಲು ಮುಚ್ಚಿತು. ಕೆಳಗೆ ರಸ್ತೆಯಲ್ಲಿ ತರಕಾರಿಯವನು ಮೂಲಂಗಿ, ಮೂಲಂಗಿ ಅಂತ ಹಿಂದಿಯಲ್ಲಿ ಕೂಗಿಕೊಂಡು ಹೋದ. ಯಾರೋ ಮೇಲಿನಿಂದ "ಭಯ್ಯಾ, ರುಕೋ" ಅಂತ ಅವನನ್ನು ನಿಲ್ಲಿಸಿದರು.

"ಈಗ?"

"ಈಗ ಮಸುಕಾಗಿದೆ." ಅವನು ಹುಬ್ಬು ಗಂಟಿಕ್ಕಿ ನೋಡಿದ. "ಇಲ್ಲ, ಕಾಣ್ತಿದಾಳೆ. ಒಂದು ಪಕ್ಕದಲ್ಲಿ. ಅವತ್ತಿನ ಹಾಗೇ, ಥೇಟ್ ಅವತ್ತಿನ ಹಾಗೇ."

"ಗಾನವಿನೇ ತಾನೆ?"

"ಮತ್ಯಾರು? ಗಾನವಿನೇ."

"ಮಾಮ," ಅಂತ ಅವನ ಬೆನ್ನ ಹಿಂದಿನಿಂದ ದನಿ ಬಂತು. "ನಾನು ಇಲ್ಲಿದೀನಿ."

ಅವನು ತಿರುಗಲಿಲ್ಲ. ಪರದೆಯ ಮೇಲೆ ಆ ಮಸುಕು ಆಕಾರ ಇನ್ನೂ ನಿಂತೇ ಇತ್ತು.

"ಸ್ವಲ್ಪ ಮುಂದೆ ಬಾಗಿ," ಅಂದರು ಇಂದಿರಮ್ಮ, ಮೆಲ್ಲಗೆ.

ಅವನು ಬಾಗಿದ. ಪರದೆಯ ಮೇಲಿನ ಆಕಾರ ಪಕ್ಕದಿಂದ ನಡುವಿಗೆ ನಡೆದು ಬಂತು.

ಇಂದಿರಮ್ಮ ಬೆರಳಿನಿಂದ ಆ ಆಕಾರವನ್ನು ತೋರಿಸಿದರು.

"ಈ ಯಂತ್ರಕ್ಕೆ ಗಾಜಿನ ಆಚೆ ಏನೂ ಕಾಣಲ್ಲ ಕೇಶವಮೂರ್ತಿಯವರೇ. ಗಾಜು ಇದಕ್ಕೆ ಕನ್ನಡಿ. ನಿಮ್ಮ ಮೈ ಶಾಖವನ್ನೇ ನಿಮಗೆ ವಾಪಸ್ ತೋರಿಸತ್ತೆ. ಬಲಬೀರ್ ಬ್ರೇಕ್ ಒತ್ತಿದಾಗ ನೀವು ಮುಂದಕ್ಕೆ ಮುಗ್ಗರಿಸಿದ್ರಿ. ನಡುವಿಗೆ ಬಂದದ್ದು ಗೋಪಿನಾಥ ಅಲ್ಲ."

"ನಾನು," ಅಂದ ಅವನು.

ನಿಂತಲ್ಲೇ ಕುಸಿದು ನೆಲದ ಮೇಲೆ ಕೂತ. ಅಷ್ಟು ದೊಡ್ಡ ಆಳು ಹಾಗೆ ಕೂತದ್ದನ್ನು ನೋಡಿ ಸುಮಿತ್ರಾ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು ಎದ್ದುಬಂದಳು. ಆದರೆ ಹತ್ತಿರ ಹೋಗದೆ ನಡುವೆ ನಿಂತುಬಿಟ್ಟಳು.

"ಇವ್ರು ನಡೆದು ಬರ್ಲಿಲ್ವಾ ಅಣ್ಣ?"

"ಇಲ್ಲಮ್ಮ. ನಾನು ಅವನನ್ನ ನೋಡೇ ಇಲ್ಲ. ಅವನು ಎದುರಿಗಿದ್ದಾಗ ನಾನು ನನ್ನನ್ನೇ ನೋಡ್ಕೊಂಡು ಚಲೋ ಚಲೋ ಅಂತಿದ್ದೆ."

"ಕ್ಯಾಮೆರಾ ಒಳಗೆ ತಂದದ್ದು ಯಾರು?" ಇಂದಿರಮ್ಮ ಕೇಳಿದರು.

"ನಾನೇ." ಅವನು ಮುಖ ಮುಚ್ಚಿಕೊಂಡ. "ಗೋಪಿ ಹೇಳಿರ್ಲಿಲ್ಲ. ಅವನು ಇಳಿದು ಹೋದ ಮೇಲೆ ಇಬ್ಬನಿ ತೊಟ್ಟಿಕ್ತಿತ್ತು. ಅವನು ಎಂಟು ವರ್ಷ ಕಷ್ಟಪಟ್ಟು ಮಾಡಿದ ವಸ್ತು, ನೆನೆದು ಕೆಟ್ಟುಹೋಗತ್ತೆ ಅನ್ನಿಸ್ತು. ಬಿಚ್ಚಿ ಒಳಗಿಟ್ಟೆ. ಇಂಜಿನ್ ಗಾಜಿನ ಹಿಂದೆ ಕೂತೇ ನಾವು ಜೀವನವೆಲ್ಲ ಹಳಿ ನೋಡಿದೀವಿ ಮೇಡಂ. ಮಳೆಯಲ್ಲಿ, ಧೂಳಿನಲ್ಲಿ. ಗಾಜು ಒರೆಸಿಕೊಂಡ್ರೆ ಆಯ್ತು, ಎಲ್ಲಾ ಕಾಣತ್ತೆ. ಇದಕ್ಕೆ ಕಾಣಲ್ಲ ಅಂತ ನನಗೆ ಹೇಗೆ ಹೊಳೀಬೇಕು?"

"ಆಮೇಲೆ ಮತ್ತೆ ಹೊರಗೆ ಹಾಕಿದ್ರಿ."

"ಬಲಬೀರ್ ಇಳಿದು ಓಡಿದ್ದ, ಕ್ಯಾಮೆರಾ ಎಲ್ಲಿತ್ತು ಅಂತ ಅವನನ್ನ ಯಾರೂ ಕೇಳ್ಲಿಲ್ಲ. ಮುಟ್ಟಬೇಡಿ ಅಂದದ್ದನ್ನ ಮುಟ್ಟಿದೆ ಅಂತ ಗೊತ್ತಾದ್ರೆ ಕೆಲಸಕ್ಕೇ ಕುತ್ತು ಬರತ್ತೆ ಅನ್ನೋ ಭಯ. ಅಷ್ಟೇ ಮುಚ್ಚಿಟ್ಟದ್ದು. ಉಳಿದದ್ದು ನಿಜ ಅಂತಲೇ ನಂಬಿದ್ದೆ. ಗೋಪಿ ಯಾಕೆ ಹೀಗೆ ಮಾಡ್ಕೊಂಡ, ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ಅಂತ ದಿನಾ ಅವನನ್ನ ಬೈತಿದ್ದೆ."

"ನಾನೂ ಬೈತಿದ್ದೆ ಮಾಮ," ಅಂದಳು ಗಾನವಿ. ಅವಳ ದನಿ ಒಡೆಯಿತು. "ಹಮ್ ಕೋ ಛೋಡ್ ಕೇ ಚಲೇ ಗಯೇ, ನಮ್ಮನ್ನ ಬಿಟ್ಟುಹೋದ್ರು ಅಂತ. ಅಪ್ಪನ ಫೋಟೋನ ಗೋಡೆ ಕಡೆ ತಿರುಗಿಸಿಟ್ಟಿದ್ದೆ."

ಸುಮಿತ್ರಾ ಆಗ ಅತ್ತಳು. ಗಂಡ ಸತ್ತ ದಿನದಿಂದ ಅಕ್ಕಪಕ್ಕದ ಹೆಂಗಸರು ಅಳು, ಅತ್ತುಬಿಡು ಅಂತ ಎಷ್ಟು ಹೇಳಿದರೂ ಬಾರದ ಅಳು. ತಪ್ಪು ಮಾಡಿದವಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡೇ ಅತ್ತಳು. ಗಾನವಿ ಹೋಗಿ ಆ ಸೆರಗನ್ನು ಬಿಡಿಸಿ ಅಮ್ಮನನ್ನು ಅಪ್ಪಿಕೊಂಡಳು.

ಇಂದಿರಮ್ಮ ಅವರನ್ನು ಅವರಷ್ಟಕ್ಕೆ ಬಿಟ್ಟರು. ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ಕೇಶವಮೂರ್ತಿಯ ಕೈಗೆ ಕೊಟ್ಟರು. ಲಂಚಕೋರರಿಗೆ ಬೇಡಿ ಹಾಕಿಸಿದ್ದರು ಅವರು, ಕಳ್ಳರ ಮುಖಕ್ಕೆ ಹೊಡೆದಿದ್ದರು. ಇಂಥವನಿಗೆ ಏನು ಮಾಡಬೇಕೆಂದು ಅವರ ಅನುಭವದಲ್ಲಿ ಎಲ್ಲೂ ಇರಲಿಲ್ಲ. ಗೆಳೆಯನ ವಸ್ತು ನೆನೆಯಬಾರದು ಅಂತ ಒಳಗಿಟ್ಟವನು. ಅದೇ ಅವನು ಮಾಡಿದ ಅಪರಾಧ.

"ನಾಳೆ ಸಮಿತಿ ಮುಂದೆ ಇದನ್ನೆಲ್ಲ ಹೇಳ್ತೀರಾ?"

"ಕೆಲಸ ಹೋಗತ್ತೆ. ಕೇಸೂ ಆಗತ್ತೆ."

"ಆಗತ್ತೆ. ಸುಳ್ಳು ಸಮಾಧಾನ ನಾನು ಹೇಳಲ್ಲ."

ಅವನು ಸುಮಿತ್ರಾಳ ಕಡೆ ನೋಡಿದ. "ಹೇಳ್ತೀನಿ. ಅವನ ಹೆಸರಿನ ಮುಂದೆ ಆತ್ಮಹತ್ಯೆ ಅನ್ನೋ ಮಾತು ಇರೋದು ಬೇಡ."

ಸುಮಿತ್ರಾ ಕಣ್ಣೊರೆಸಿಕೊಂಡು ಅವನ ಎದುರು ಬಂದು ಕೂತಳು. ಕ್ಷಮಿಸಿದೆ ಅನ್ನಲಿಲ್ಲ. ಕಿತ್ತಳೆಯ ಚೀಲದಿಂದ ಒಂದು ಹಣ್ಣು ತೆಗೆದು ಸುಲಿದು ಅರ್ಧ ಅವನ ಕಡೆ ಚಾಚಿದಳು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ, ತಿನ್ನಲಿಲ್ಲ.

ಇಲ್ಲಿಗೆ ಎದ್ದು ಹೋಗಬಹುದಿತ್ತು. ಇಂದಿರಮ್ಮ ಏಳಲಿಲ್ಲ. ಮೊಣಕಾಲು ಉಜ್ಜಿಕೊಳ್ಳುತ್ತ ಕೂತೇ ಇದ್ದರು.

"ಒಂದು ಉಳೀತು," ಅಂದರು. "ನೀವು ಯಾಕೆ ನೋಡ್ಲಿಲ್ಲ ಅಂತ ತಿಳೀತು. ಆದರೆ ಹಳಿ ಪಕ್ಕ ನಿಲ್ಲಬೇಕಾದವನು ಹಳಿ ಮೇಲೆ ಯಾಕಿದ್ದ? ಇಂಜಿನ್ ಸದ್ದು ಕೇಳಿಸ್ಲಿಲ್ವಾ? ಕ್ಯಾಮೆರಾ ಮಾಡಿದವನೇ ಅವನು. ಎಲ್ಲಿ ನಿಲ್ಲಬೇಕು ಅಂತ ಬೇರೆಯವರಿಗೆ ಹೇಳಿಕೊಡ್ತಿದ್ದವನು."

ಕೇಶವಮೂರ್ತಿ ಹಣ್ಣಿನ ತೊಳೆಗಳನ್ನು ಬೆರಳಿನಿಂದ ಬಿಡಿಸುತ್ತಿದ್ದ.

"ಕೇಶವಮೂರ್ತಿಯವರೇ, ಇನ್ನೂ ಏನೋ ಇಟ್ಟುಕೊಂಡಿದೀರಿ."

"ಹೇಳಿದ್ರೆ ಕ್ಯಾಮೆರಾ ಮೊದಲು ಹೊರಗಿತ್ತು, ಆಮೇಲೆ ನಾನು ಒಳಗೆ ತಂದೆ ಅಂತ ಗೊತ್ತಾಗ್ತಿತ್ತು. ಅದಕ್ಕೇ ಹೇಳಿರ್ಲಿಲ್ಲ."

"ಈಗ ಅದು ಗೊತ್ತಾಗಿದೆ. ಹೇಳಿ."

"ಬಿಚ್ಚೋಕೆ ಮುಂಚೆ ಒಂದ್ಸಲ ಪರದೆ ನೋಡಿದ್ದೆ. ಆಗ ಇಂಜಿನ್ ನಿಂತಿತ್ತು. ಕ್ಯಾಮೆರಾ ಹೊರಗೇ ಇತ್ತು, ಮಧ್ಯೆ ಗಾಜು ಇರ್ಲಿಲ್ಲ. ಬಹಳ ಚೆನ್ನಾಗಿ ಕಾಣ್ತಿತ್ತು." ಅವನು ತಲೆ ಎತ್ತಿದ. "ಇಬ್ಬರಿದ್ರು ಮೇಡಂ."

"ಯಾರಿಬ್ಬರು?"

"ಗೋಪಿ ಒಬ್ಬನೇ ಹೋದದ್ದು. ಪರದೆಯಲ್ಲಿ ಇಬ್ಬರಿದ್ರು. ಹಳಿ ಕೆಲಸದ ಗ್ಯಾಂಗ್‌ಮನ್ ಇರ್ಬೇಕು ಅಂದ್ಕೊಂಡೆ. ಮಂಜಿನ ಕಾಲದಲ್ಲಿ ಅವರು ಓಡಾಡ್ತಿರ್ತಾರೆ. ಜಗಳ ಆಡೋ ಹಾಗಿತ್ತು. ಒಬ್ಬ ಇನ್ನೊಬ್ಬನ ತೋಳು ಹಿಡಿದಿದ್ದ. ಎಳೀತಿದ್ನೋ, ತಡೀತಿದ್ನೋ ತಿಳೀಲಿಲ್ಲ."

"ಅವತ್ತು ಆ ಹಳಿ ಮೇಲೆ ಗ್ಯಾಂಗ್‌ಮನ್‌ಗಳನ್ನ ಬಿಟ್ಟಿರ್ಲಿಲ್ಲ," ಅಂದರು ಇಂದಿರಮ್ಮ. "ಪರೀಕ್ಷೆ ಅಂತ ಎಲ್ಲರನ್ನೂ ಸ್ಟೇಷನ್ನಿಗೆ ಕಳಿಸಿದ್ರು. ನಾನೇ ವಿಚಾರಿಸಿದೀನಿ."

"ಅದು ನನಗೆ ಆಮೇಲೆ ಗೊತ್ತಾಯ್ತು."

"ಮುಖ?"

"ಅಷ್ಟು ದೂರಕ್ಕೆ ಮುಖ ತಿಳಿಯಲ್ಲ. ಬರೀ ಬೆಳ್ಳನೆ ಆಕಾರ. ಆದರೆ ಆ ಇನ್ನೊಬ್ಬ ಎರಡೂ ಕೈ ಮೇಲೆತ್ತಿದ್ದ. ಒಂದು ಅಂಗೈ ದೀಪದ ಹಾಗೆ ಬೆಳಗ್ತಿತ್ತು." ಕೇಶವಮೂರ್ತಿ ತನ್ನ ಮಣಿಕಟ್ಟನ್ನು ಮುಟ್ಟಿ ತೋರಿಸಿದ. "ಇನ್ನೊಂದು ಕೈ ಇಲ್ಲಿಂದ ಮೇಲೆ ಕಪ್ಪು. ಏನೂ ಇರ್ಲಿಲ್ಲ. ಯಂತ್ರದ ದೋಷ ಅಂದ್ಕೊಂಡೆ."

ಇಂದಿರಮ್ಮ ಮೇಜಿನ ಮೇಲಿದ್ದ ಪರದೆಯತ್ತ ನೋಡಿದರು. ಅಲ್ಲಿ ಈಗಲೂ ಅವರ ನಾಲ್ವರ ಮಸುಕು ನೆರಳುಗಳು ಕದಲುತ್ತಿದ್ದವು. ಯಂತ್ರದಲ್ಲಿ ದೋಷ ಇರಲಿಲ್ಲ. ಬೆಳಗದ ಕೈಯಲ್ಲಿ ರಕ್ತ ಓಡುವುದಿಲ್ಲ. ಅದು ಮಾಡಿಸಿ ಹಾಕಿಕೊಂಡ ಕೃತಕ ಕೈ.

"ಅಪ್ಪನ ಜೊತೆ ಯಾರೋ ಇದ್ರು," ಅಂದಳು ಗಾನವಿ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ನೆಲದ ಮೇಲೆ ಅವನೆದುರು ಮಂಡಿಯೂರಿದಳು. "ಮಾಮ, ಯಾವ ಕೈ? ಎಡಗೈನಾ, ಬಲಗೈನಾ?"

ಕೇಶವಮೂರ್ತಿ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ, ಆ ಮನುಷ್ಯನನ್ನು ಬಲ್ಲವಳ ಹಾಗೆ, ಸುಮಿತ್ರಾ ಹೇಳಿದಳು.

"ಎಡಗೈ."